ನೆರಳು ನಿಂತಿರುವಾಗ ಕೂತವಳು

ನಮ್ಮೂರಿನಲ್ಲಿ ಮನುಷ್ಯನಿಗೆ ಸುಸ್ತಾದರೆ ಮೊದಲು ಕೂರುವುದು ಅವನ ನೆರಳು. ಅವನು ಮೂಟೆ ಹೊತ್ತು ನಿಂತೇ ಇರುತ್ತಾನೆ, ಕಾಲಡಿಯ ನೆರಳು ಮಾತ್ರ ಮೊಣಕಾಲು ಮಡಿಸಿ ಕುಕ್ಕರಗಾಲಲ್ಲಿ ಕೂತುಬಿಡುತ್ತದೆ. ಆಗ ಅಕ್ಕಪಕ್ಕದವರು "ಅಯ್ಯೋ, ಕೂತೈತೆ ಕಣಪ್ಪ, ಇಳಿಸು ಇಳಿಸು" ಎಂದು ಓಡಿ ಬರುತ್ತಾರೆ. ಮೂಟೆ ಇಳಿಸುತ್ತಾರೆ, ಮಣೆ ಹಾಕುತ್ತಾರೆ, ಬೆಲ್ಲ ನೀರು ಕೊಡುತ್ತಾರೆ. ಕೇಳಿದವರಿಗೆ ಇದು ಸ್ವರ್ಗದ ಹಾಗೆ ಕಾಣುತ್ತದೆ. ಬಂದು ನಮ್ಮ ಬೀದಿಯಲ್ಲಿ ಒಂದು ಬೇಸಿಗೆ ಕಳೆಯಿರಿ, ಆಮೇಲೆ ಸ್ವರ್ಗದ ಮಾತಾಡೋಣ.

ಕೂತ ನೆರಳಿಗೆ ಕೊಡುವ ಮರ್ಯಾದೆಯ ಕಾಲು ಭಾಗವನ್ನೂ ನಿಂತ ನೆರಳಿಗೆ ಕೊಡುವುದಿಲ್ಲ ಈ ಜನ. ನೆರಳು ನಿಂತಿದೆಯೋ, ನೀನೂ ನಿಂತಿರು, ಅಷ್ಟೇ. ಅದು ನಿಂತಿರುವಾಗ ನೀನು ಕೂತೆಯೋ, ನೀನು ಕಳ್ಳಿ, ಮೈಗಳ್ಳಿ, ಊರಿನ ಅನ್ನಕ್ಕೆ ಮಣ್ಣು ಹಾಕುವವಳು. ನೆರಳು ಎಲ್ಲರ ಕಣ್ಣಿಗೂ ಬೀಳಬೇಕಲ್ಲ, ಅದಕ್ಕಾಗಿ ಬೀದಿಯಲ್ಲಿ ಒಂದು ಮರ ಬೆಳೆಸುವ ಹಾಗಿಲ್ಲ, ಸೂರು ಮುಂದಕ್ಕೆ ಚಾಚುವ ಹಾಗಿಲ್ಲ, ಮಳೆ ಬೀಳದೆ ಕೊಡೆ ಬಿಚ್ಚುವ ಹಾಗಿಲ್ಲ. ನಮ್ಮೂರಿನ ಕಾಗೆಗಳು ಪಕ್ಕದ ಊರಿಗೆ ಹೋಗಿ ನಿದ್ದೆ ಮಾಡಿ ಬರುತ್ತವೆ. ಮದುವೆಗಳೂ ಬಿಸಿಲಲ್ಲೇ. ನನ್ನ ಮದುವೆಯ ದಿನ ಧಾರೆಯ ನೀರು ಚೆಂಬಿನಿಂದ ಬಿಟ್ಟದ್ದು ಕೈಗೆ ಬೀಳುವ ಮುಂಚೆಯೇ ಆವಿಯಾಗಿ ಹೋಯಿತು. ನನ್ನ ಗಂಡ ಸಾಯುವ ತನಕ ಹೇಳುತ್ತಿದ್ದ, "ನಮ್ದು ಅರ್ಧ ಮದುವೆ ಕಣೇ ಚೌಡಿ, ನೀರು ಮುಟ್ಟಲೇ ಇಲ್ಲ" ಎಂದು.

ನಮ್ಮದು ಮಂಡಕ್ಕಿ ಭಟ್ಟಿಗಳ ಬೀದಿ. ಒಂದೊಂದು ಮನೆಯ ಮುಂದೆ ಒಂದೊಂದು ಭಟ್ಟಿ. ಕೆಳಗೆ ಹೊಟ್ಟಿನ ಬೆಂಕಿ, ಮೇಲೆ ಎಮ್ಮೆ ಕರು ಮಲಗಬಹುದಾದಷ್ಟು ದೊಡ್ಡ ಬಾಣಲೆ, ಬಾಣಲೆಯ ತುಂಬ ಕರಿ ಮರಳು. ಮರಳು ಕಾದು ಹೊಗೆಯಾಡುವಾಗ ಉಪ್ಪು ಹಿಡಿಸಿ ಒಣಗಿಸಿದ ಅಕ್ಕಿ ಸುರಿದು ಸಟ್ಟುಗ ಆಡಿಸಬೇಕು. ಎರಡು ಉಸಿರು ಬಿಡುವಷ್ಟರಲ್ಲಿ ಅಕ್ಕಿ ಅರಳಿ ಬಾಣಲೆ ಮಲ್ಲಿಗೆ ಬನವಾಗುತ್ತದೆ. ಮೂರನೆಯ ಉಸಿರಿಗೆ ಬಿಟ್ಟರೆ ಕರಿ. ತೆಗೆದು ಜರಡಿ ಹಿಡಿದು ಮರಳು ಉದುರಿಸಿ ಚೀಲಕ್ಕೆ ತುಂಬಬೇಕು. ನಿಂತುಕೊಂಡೇ ಮಾಡುವ ಕೆಲಸ, ಬೆಂಕಿಯ ಬಾಯಲ್ಲಿ ಮಾಡುವ ಕೆಲಸ, ಭಟ್ಟಿ ಹೊತ್ತಿದ ಮೇಲೆ ಅಂಗಳ ಬಿಟ್ಟು ಒಳಗೆ ಹೋಗುವಂತಿಲ್ಲದ ಕೆಲಸ.

ಬೀದಿಗೊಬ್ಬ ನೆರಳುಗಾರ ಇರುತ್ತಾನೆ. ನಮ್ಮ ಬೀದಿಗೆ ಓಬಳಪ್ಪ. ಅವನ ಮೀಸೆಯಲ್ಲಿ ಗುಬ್ಬಿ ಮರಿ ಮಾಡಬಹುದು, ಅಂಥ ಮೀಸೆ. ಬೆಳಗಿನಿಂದ ಸಂಜೆಯವರೆಗೆ ತಲೆ ಬಗ್ಗಿಸಿ ಬೀದಿ ಉದ್ದಕ್ಕೂ ನೆರಳು ನೋಡುತ್ತಾ ನಡೆಯುತ್ತಾನೆ. ಯಾರ ನೆರಳು ಕೂತಿತೋ ಅವರಿಗೆ ಮಣೆ ಕೊಡಿಸುತ್ತಾನೆ. ಯಾರು ನೆರಳಿಗಿಂತ ಮೊದಲು ಕೂತರೋ ಅವರನ್ನು ಎಬ್ಬಿಸುತ್ತಾನೆ. ಎಬ್ಬಿಸಿದರೂ ಮತ್ತೆ ಮತ್ತೆ ಕೂರುವವರ ಮನೆಯ ಭಟ್ಟಿಗೆ ಕೊಡ ನೀರು ಸುರಿಯುತ್ತಾನೆ. ನೀರು ಬಿದ್ದ ಭಟ್ಟಿಯನ್ನು ಮತ್ತೆ ಹೊತ್ತಿಸುವ ಹಾಗಿಲ್ಲ, ಆ ಮನೆಯವರ ಕೈಗೆ ಈ ಬೀದಿಯಲ್ಲಿ ಯಾರೂ ಸಟ್ಟುಗ ಕೊಡುವ ಹಾಗಿಲ್ಲ. ಇಂಥ ದೊಡ್ಡ ಅಧಿಕಾರ ಇಟ್ಟುಕೊಂಡವನು ಮನುಷ್ಯರ ಮುಖ ನೋಡುವುದನ್ನೇ ಬಿಟ್ಟಿದ್ದ. ಹೆಂಡತಿಯನ್ನೂ ಕಾಲಡಿ ನೋಡಿಯೇ ಗುರುತು ಹಿಡಿಯುತ್ತಿದ್ದ.

ನನ್ನ ಸೊಸೆಯ ಹೆಸರು ಸುಗುಣ. ನನ್ನ ಮಗ ಹಾಲಪ್ಪ ಸಂತೆಗಳಿಗೆ ಗಾಡಿಯಲ್ಲಿ ಮಂಡಕ್ಕಿ ಹೊಡೆಯುತ್ತಾನೆ, ಭಟ್ಟಿ ಸುಗುಣನದು. ಅವಳು ಸಟ್ಟುಗ ಆಡಿಸುವುದನ್ನು ನೋಡಲು ಪರ ಊರಿನ ವ್ಯಾಪಾರಿಗಳು ನಿಂತುಬಿಡುತ್ತಿದ್ದರು. ಅವಳ ಮಂಡಕ್ಕಿ ಎಷ್ಟು ಹಗುರ ಎಂದರೆ ಚೀಲದ ಬಾಯಿ ಕಟ್ಟುವುದು ತಡವಾದರೆ ಚೀಲವೇ ಮೇಲೆ ಹಾರುತ್ತಿತ್ತು. ನಗಬೇಡಿ, ಒಂದು ಸಲ ನಾನೇ ಚೀಲದ ಮೇಲೆ ಕೂತು ತಡೆದಿದ್ದೇನೆ.

ಮೊದಲು ಅವಳ ಒಂದು ಕಣ್ಣು ಮಂಜಾಯಿತು. ಆಮೇಲೆ ಪಾದ ಜೋಮು ಹಿಡಿದು, ಚಪ್ಪಲಿ ಕಳಚಿ ಬಿದ್ದರೂ ತಿಳಿಯದೆ ನಡೆಯುತ್ತಿದ್ದಳು. ಅವೆರಡೂ ಬಂದವು, ಹೋದವು. ಬಂದು ಹೋಗದೆ ಉಳಿದದ್ದು ಸುಸ್ತು. ಸುಸ್ತು ಎಂದರೆ ನಿಮ್ಮ ನಮ್ಮ ಸುಸ್ತಲ್ಲ. ಗಡದ್ದಾಗಿ ನಿದ್ದೆ ಮಾಡಿ ಎದ್ದವಳು ಮುಖ ತೊಳೆಯುವಷ್ಟರಲ್ಲಿ ಗೋಡೆಗೆ ಒರಗುತ್ತಿದ್ದಳು. ಅಂಗಳಕ್ಕೆ ಬಿಸಿಲು ಬಂದಷ್ಟೂ ಅವಳು ಕುಗ್ಗುತ್ತಿದ್ದಳು. ಮಾತಿನ ನಡುವೆ ಪದ ಮರೆತು "ಅದೇ ಅತ್ತೆ, ಅದು, ಅದು" ಎಂದು ಕೈ ತೋರಿಸುತ್ತಿದ್ದಳು. ನಾನು ತಮಾಷೆ ಮಾಡಿ, "ಏನೇ ಸುಗುಣಿ, ಗಂಡನ ಹೆಸರು ಹೇಳೋಕೆ ನಾಚಿಕೆ ಪಡ್ತಿದ್ದೋಳು ಈಗ ಉಪ್ಪಿನ ಹೆಸರು ಹೇಳೋಕೂ ನಾಚ್ಕೊಂತೀಯಾ?" ಎಂದರೆ ನಗುವುದಕ್ಕೂ ಅವಳಲ್ಲಿ ಶಕ್ತಿ ಇರುತ್ತಿರಲಿಲ್ಲ.

"ಹೆಂಗಾಯ್ತದೆ ಹೇಳೇ ಮಗಾ, ನಂಗೆ ತಿಳಿಯೋ ಹಂಗೆ ಹೇಳು" ಎಂದು ಒಂದು ದಿನ ಕೇಳಿದೆ.

ಅವಳು ಭಟ್ಟಿಯ ಕಡೆ ಕೈ ತೋರಿಸಿ ಹೇಳಿದಳು. "ಮರಳು ಕಾಯ್ದೇ ಇರೋ ಬಾಣ್ಲಿಗೆ ಅಕ್ಕಿ ಸುರಿದಂಗೆ ಅತ್ತೆ. ಸಟ್ಟುಗ ಆಡಿಸ್ತಾನೇ ಇರ್ತೀನಿ, ಆಡಿಸ್ತಾನೇ ಇರ್ತೀನಿ. ಒಂದು ಕಾಳೂ ಅರಳಾಕಿಲ್ಲ."

ಹಾಲಪ್ಪ ಗಾಡಿ ಕಟ್ಟಿದ. ಮೂವರೂ ದೊಡ್ಡೂರಿನ ಆಸ್ಪತ್ರೆಗೆ ಹೋದೆವು. ಅಲ್ಲಿ ಅವಳನ್ನು ಒಂದು ಕೊಳವೆಯೊಳಗೆ ಮಲಗಿಸಿ ತಲೆಯೊಳಗಿನ ಚಿತ್ರ ತೆಗೆದರು. ಕೊಳವೆ ಎಷ್ಟು ಗಲಾಟೆ ಮಾಡಿತೆಂದರೆ ಹೊರಗೆ ಕೂತ ನನ್ನ ಹಲ್ಲು ಅಲ್ಲಾಡಿದವು, ಇರುವುದೇ ನಾಲ್ಕು. ಬೆನ್ನಿನಿಂದ ನೀರು ತೆಗೆದರು, ರಕ್ತ ತೆಗೆದರು. ಡಾಕ್ಟರಮ್ಮ ಒಳ್ಳೆಯವರು, ನಮ್ಮನ್ನು ಕುರ್ಚಿಯಲ್ಲಿ ಕೂರಿಸಿ ಹೇಳಿದರು. ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತೆ. ಆ ಹೆಸರು ಬಾಯಲ್ಲಿ ತಿರುಗಿಸುವಷ್ಟರಲ್ಲಿ ನನ್ನ ನೆರಳೇ ಕೂತುಕೊಂಡಿತು. ಸದ್ಯ, ಎಂ.ಎಸ್. ಅಂದರೂ ಸಾಕಂತೆ. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ನರಗಳ ಮೇಲಿನ ಪೊರೆಯನ್ನು ತಿನ್ನುತ್ತದಂತೆ. ವೈರಿನ ಮೇಲಿನ ಪ್ಲಾಸ್ಟಿಕ್ ಕಿತ್ತುಹೋದರೆ ಕರೆಂಟು ಹೇಗೆ ತಡವರಿಸುತ್ತದೋ ಹಾಗೆ, ಮಿದುಳು ಹೇಳಿದ್ದು ಕೈಕಾಲಿಗೆ ತಲುಪುವುದೇ ಕಷ್ಟವಂತೆ. ನಾವು ಹೆಜ್ಜೆ ಇಡಲು ಖರ್ಚು ಮಾಡುವ ಶಕ್ತಿಗಿಂತ ಎಷ್ಟೋ ಹೆಚ್ಚು ಅವಳಿಗೆ ಬೇಕಂತೆ. ಬಿಸಿಗೆ ಅದು ಇನ್ನೂ ಜಾಸ್ತಿಯಂತೆ.

"ಮೈಗಳ್ಳತನ ಅಲ್ವಾ ಹಂಗಾದ್ರೆ?" ಎಂದು ಹಾಲಪ್ಪ ಕೇಳಿದ. ಅವನ ತಲೆಗೆ ಮೊಟಕಬೇಕು ಅನ್ನಿಸಿತು. ಆದರೆ ಪಾಪ, ಅವನು ಕೇಳಿದ್ದು ಬೀದಿಗೆ ಹೋಗಿ ಹೇಳುವುದಕ್ಕಾಗಿ.

"ಅಲ್ಲ. ಇವರು ಎಷ್ಟು ಕೆಲಸ ಮಾಡಿದ್ರು ಅನ್ನೋದಕ್ಕೂ ಇವರ ಸುಸ್ತಿಗೂ ಲೆಕ್ಕ ಹೊಂದೋದಿಲ್ಲ" ಎಂದರು ಡಾಕ್ಟರಮ್ಮ. ಕಾಯಿಲೆಗೆ ಔಷಧಿ ಬರೆದರು, ರಕ್ತ ಕಡಿಮೆ ಇರುವುದಕ್ಕೆ ಬೇರೆ ಮಾತ್ರೆ ಬರೆದರು, ರಾತ್ರಿ ನಿದ್ದೆ ಹೇಗೆ, ಮನಸ್ಸು ಹೇಗೆ ಎಂದು ವಿಚಾರಿಸಿದರು. ಇಡೀ ದಿನ ಮಲಗಿಬಿಡಬೇಡ, ತಂಪು ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪ ನಡೆ, ಭಾರದ ಕೆಲಸ ಬೆಳಗ್ಗೆಯೇ ಮುಗಿಸು, ಒಂದೇ ಕೆಲಸವನ್ನು ತುಂಡು ತುಂಡು ಮಾಡಿಕೋ, ಕತ್ತಿಗೆ ಒದ್ದೆ ಬಟ್ಟೆ ಸುತ್ತಿಕೋ, ಬೇರೆಯವರು ಮಾಡಬಹುದಾದ್ದನ್ನು ಅವರಿಗೆ ಬಿಡು ಎಂದರು. ಕೊನೆಗೆ ಸುಗುಣನ ಕೈ ಹಿಡಿದುಕೊಂಡು, "ಎಲ್ಲಕ್ಕಿಂತ ಮುಖ್ಯ ಇದು. ಸುಸ್ತಾದ ಮೇಲೆ ಕೂರೋದಲ್ಲ, ಸುಸ್ತಾಗೋದಕ್ಕೆ ಮುಂಚೆ ಕೂರಬೇಕು. ಪೂರ್ತಿ ಖಾಲಿ ಆದ್ರೆ ಮತ್ತೆ ತುಂಬೋದಕ್ಕೆ ದಿನಗಟ್ಟಲೆ ಬೇಕು" ಎಂದರು.

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಊರಿನವರ ನೆರಳುಗಳು ಏನೂ ಮಾಡದೆ ಸುಮ್ಮನೆ ಕಾಲಡಿ ಬಿದ್ದಿರುತ್ತವೆ, ಡಾಕ್ಟರಮ್ಮನಿಗೆ ನಮ್ಮ ಸಂಕಟ ಎಲ್ಲಿ ತಿಳಿಯಬೇಕು? ನಮ್ಮ ಬೀದಿಯಲ್ಲಿ ಸುಸ್ತಾಗುವುದಕ್ಕೆ ಮುಂಚೆ ಕೂರುವುದಕ್ಕೆ ಒಂದೇ ಹೆಸರು, ಕಳ್ಳತನ.

ಆದರೂ ಸುಗುಣ ಹಟ ಹಿಡಿದಳು. "ಔಷಧಿ ತಿಂದ್ಕೊಂಡು ಒಳಗೆ ಬಿದ್ಕೊಂಡಿರು ಅಂದ್ರೆ ನಾನು ಒಲ್ಲೆ ಅತ್ತೆ. ಭಟ್ಟಿ ಬಿಟ್ರೆ ನಾನು ಬರೀ ಕಾಯಿಲೆ ಆಗ್ತೀನಿ" ಎಂದಳು. ಬೆಳಕು ಹರಿಯುವ ಹೊತ್ತಿಗೇ ಬಾಣಲೆಯ ಮುಂದೆ ನಿಲ್ಲುವುದು, ಬಿಸಿಲೇರುವ ಹೊತ್ತಿಗೆ ಸಟ್ಟುಗವನ್ನು ಹಾಲಪ್ಪನಿಗೋ ನನಗೋ ಕೊಟ್ಟು, ಅವಳು ಮಣೆ ಹಾಕಿಕೊಂಡು ಜರಡಿ ಹಿಡಿಯುವುದು, ನಡುನಡುವೆ ಕಣ್ಣು ಮುಚ್ಚಿ ಸುಮ್ಮನೆ ಕೂರುವುದು. ಹೀಗೆ ಮಾಡಿದ ದಿನ ಸಂಜೆ ಅವಳು ಊಟ ಮಾಡುತ್ತಿದ್ದಳು, ನನ್ನ ಜೋಕಿಗೆ ನಗುತ್ತಿದ್ದಳು, ನನ್ನನ್ನೂ ಗೇಲಿ ಮಾಡುತ್ತಿದ್ದಳು. ನನಗೆ ಇಷ್ಟು ಸಾಕಿತ್ತು.

ಬೀದಿಗೆ ಸಾಕಾಗಲಿಲ್ಲ. ಎದುರು ಮನೆಯ ಕೊಟ್ರವ್ವ ಮೊದಲು ಬಾಯಿ ತೆಗೆದಳು. "ಏನ್ ಚೌಡಕ್ಕ, ನಿನ್ನ ಸೊಸೆ ಮಹಾರಾಣಿ ಮಣೆ ಏರವಳೆ. ನೆರಳು ನೋಡಿದ್ರೆ ಕಂಬದಂಗೆ ನಿಂತೈತೆ!"

"ಕಾಯಿಲೆ ಐತೆ ಕಣೇ ಅವಳಿಗೆ."

"ಯಾರಿಗಿಲ್ಲ ಕಾಯಿಲೆ? ನಂಗೆ ಸೊಂಟ ನೋವಿಲ್ವಾ? ನಂಗೂ ಸುಸ್ತಾಗಾಕಿಲ್ವಾ? ನನ್ನ ನೆರಳು ಕೂತ ಮೇಲೆ ನಾನು ಕೂರ್ತೀನಪ್ಪ, ಮರ್ಯಾದಸ್ತರು ಹಂಗೇ ಮಾಡೋದು."

ನಂಗೂ ಸುಸ್ತಾಗಾಕಿಲ್ವಾ! ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದೆನೋ. ಕೊಟ್ರವ್ವನ ಸುಸ್ತು ಒಂದು ಲೋಟ ಟೀ ಕುಡಿದರೆ ಹೋಗುತ್ತದೆ, ಟೀ ಜೊತೆ ಚಾಡಿ ಸಿಕ್ಕರೆ ಅರ್ಧ ಲೋಟಕ್ಕೇ ಹೋಗುತ್ತದೆ. ನೀನು ಮಳೆಯಲ್ಲಿ ನೆನೆದಿದ್ದೀಯ ಅಂತ ಹೊಳೆಯಲ್ಲಿ ಮುಳುಗಿದವಳಿಗೆ ಬುದ್ಧಿ ಹೇಳುತ್ತೀಯಾ? ಹಾಗೆಂದು ನಾನು ಅಂಗಳದ ನಡುವೆ ನಿಂತು ಕೂಗಿದೆ. ಆ ಕೂಗಿಗೆ ಬೀದಿ ಕೊನೆಯ ಮನೆಯ ಹಂಚು ಜಾರಿತು. ಜನ ಕೇಳಿದರು, ಕೇಳಿ ಮತ್ತೆ ಸುಗುಣನ ನೆರಳಿನ ಕಡೆ ನೋಡಿದರು.

ಓಬಳಪ್ಪ ಬಂದ. ತಲೆ ಬಗ್ಗಿಸಿ, ನಿಂತಿದ್ದ ನೆರಳನ್ನು ನೋಡಿ, ಅದನ್ನೇ ಮಾತಾಡಿಸುವವನಂತೆ ಹೇಳಿದ. "ಏಳವ್ವ ಸುಗುಣವ್ವ. ಇದು ನಿಂತೈತೆ."

"ಓಬಳಮಾವ, ಇದು ಕೂರೋ ತನಕ ಕಾದ್ರೆ ನಾನು ಎದ್ದೇಳಾಕೆ ಆಗಾಕಿಲ್ಲ. ಡಾಕ್ಟ್ರು ಹೇಳವ್ರೆ."

"ಡಾಕ್ಟ್ರು ನಿನ್ನ ನೆರಳು ನೋಡವ್ರಾ?"

"ಇಲ್ಲ."

"ಮತ್ತೆ?" ಎಂದ. ಆ 'ಮತ್ತೆ' ಅನ್ನುವುದನ್ನು ಹೇಗೆ ಅಂದ ಗೊತ್ತೇ? ಲೋಕದ ನ್ಯಾಯವೆಲ್ಲ ತನ್ನ ಮೀಸೆಯ ತುದಿಯಲ್ಲಿ ಕೂತಿರುವ ಹಾಗೆ. "ಒಂದು ದಿನ ನಿಂತು ತೋರ್ಸು ಸಾಕು. ನೆರಳು ಕೂತ ತಕ್ಷಣ ನಾನೇ ಮಣೆ ತಂದು ಹಾಕ್ತೀನಿ, ನಿನ್ನ ಬಾಯಿಗೆ ಬೆಲ್ಲದ ನೀರು ನಾನೇ ಬಿಡ್ತೀನಿ. ನಾವೇನು ಕಟುಕರಾ?"

ಸುಗುಣ ಎದ್ದು ನಿಂತಳು. ಅವಳ ಮುಖ ನೋಡಿ ನನಗೆ ಭಯವಾಯಿತು. ಹೆದರಿ ಎದ್ದವಳ ಮುಖವಲ್ಲ ಅದು. ಕಳ್ಳಿ ಅನ್ನಿಸಿಕೊಂಡು ಸಾಕಾದವಳ ಮುಖ.

"ಬ್ಯಾಡ ಕಣೇ" ಎಂದೆ.

"ಒಂದು ಸಲ ನೋಡ್ಲಿ ಬಿಡು ಅತ್ತೆ" ಎಂದಳು.

ಮಾರನೆಯ ದಿನ ಅವಳು ಸಟ್ಟುಗ ಹಿಡಿದು ನಿಂತಳು, ಬೀದಿಗೆ ಬೀದಿಯೇ ತನ್ನ ಕೆಲಸ ಬಿಟ್ಟು ಅವಳ ಕಾಲಡಿ ನೋಡುತ್ತಾ ನಿಂತಿತು. ಬಿಸಿಲೇರಿತು. ಕೊಟ್ರವ್ವನ ನೆರಳು ಕೂತಿತು, ಅವಳು ಧಿಮಾಕಿನಿಂದ ಮಣೆ ಹಾಕಿಕೊಂಡಳು. ಹಾಲಪ್ಪನ ನೆರಳು ಕೂತಿತು. ನೋಡುತ್ತಾ ನಿಂತಿದ್ದ ಸೋಮಾರಿಗಳ ನೆರಳುಗಳೂ ಒಂದೊಂದಾಗಿ ಕೂತವು. ಸುಗುಣನದು ಮಾತ್ರ ನಿಂತೇ ಇತ್ತು, ನೆಟ್ಟಗೆ, ಈಗ ತಾನೇ ಸ್ನಾನ ಮಾಡಿ ಬಂದವಳ ನೆರಳಿನ ಹಾಗೆ. ಸಟ್ಟುಗ ಅವಳ ಕೈಯಿಂದ ಎರಡು ಸಲ ಜಾರಿತು. ಎಡಗಾಲನ್ನು ಎಳೆಯುತ್ತಿದ್ದಳು. ಬಾಣಲೆಯಲ್ಲಿ ಮಂಡಕ್ಕಿ ಕರಿಯಾಯಿತು, ಅವಳ ಕೈಯಲ್ಲಿ ನಾನು ಯಾವತ್ತೂ ಕಾಣದ ಕರಿ. ನಾನು "ಮುಖ ನೋಡ್ರೋ, ಅವಳ ಮುಖ ನೋಡ್ರೋ" ಎಂದು ಬಾಯಿ ಬಾಯಿ ಬಡಿದುಕೊಂಡೆ. ಒಬ್ಬರೂ ತಲೆ ಎತ್ತಲಿಲ್ಲ. ಎಲ್ಲರ ಕಣ್ಣೂ ನೆಲದ ಮೇಲೆ.

ಆಗ ಹಿಂದೆ ಯಾರೂ ಕಾಣದ್ದನ್ನು ಎಲ್ಲರೂ ಕಂಡರು. ಅವಳ ನೆರಳು ಕೂರಲಿಲ್ಲ. ಬಗ್ಗಲಿಲ್ಲ, ಮೊಣಕಾಲು ಮಡಿಸಲಿಲ್ಲ. ನಿಂತಿದ್ದದ್ದು ನಿಂತ ಹಾಗೇ ಕಡಿದ ಬಾಳೆಗಿಡದಂತೆ ಒಂದೇ ಸಲಕ್ಕೆ ಅಡ್ಡ ಬಿತ್ತು. ಅದರ ಹಿಂದೆಯೇ ಸುಗುಣ ಬಿದ್ದಳು. ಹಾಲಪ್ಪ ಹಾರಿ ಹಿಡಿಯದಿದ್ದರೆ ಬಿಸಿ ಮರಳಿನ ಬಾಣಲೆಗೇ ಬೀಳುತ್ತಿದ್ದಳು.

ಆಮೇಲೆ ದಿನಗಟ್ಟಲೆ ಅವಳು ಚಾಪೆ ಬಿಟ್ಟು ಏಳಲಿಲ್ಲ. ಬಾಚಣಿಗೆ ಎತ್ತುವುದಕ್ಕೆ ಕೈ ಬರುತ್ತಿರಲಿಲ್ಲ, ತಲೆ ನಾನೇ ಬಾಚಿದೆ. ಅನ್ನ ಅಗಿಯುವುದೂ ಅವಳಿಗೆ ಹೊಲ ಉಳುವಷ್ಟು ಕೆಲಸ. ಹಾಲಪ್ಪ ಅವಳನ್ನು ಎತ್ತಿ ಬಾಗಿಲಿಗೆ ತಂದು ಕೂರಿಸಿದರೂ ನೆರಳು ಮಲಗಿಯೇ ಇರುತ್ತಿತ್ತು.

ಬೀದಿಯ ಜನಕ್ಕೆ ಈಗ ಎಲ್ಲಿಲ್ಲದ ಕರುಣೆ ಬಂತು. ಹಾಲು ಬಂತು, ಬಾಳೆಹಣ್ಣು ಬಂತು, ತುಪ್ಪದ ಅನ್ನ ಬಂತು. ಮಣೆಗಳಂತೂ ಮನೆಗೊಂದರ ಹಾಗೆ ಬಂದು ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊಟ್ರವ್ವ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಬಂದಳು. "ಪಾಪ, ಇಂಥ ಸುಸ್ತಾ! ಮಲಗಿಬಿಟ್ಟೈತಲ್ಲೇ ಚೌಡಕ್ಕ! ನನ್ನ ಜೀವಮಾನದಾಗೆ ಕಂಡಿಲ್ಲ."

"ಹಣ್ಣು ಎತ್ಕೊಂಡು ಹೋಗೇ" ಎಂದೆ ನಾನು. "ಒಂದು ಮಣೆ ಕೇಳಿದ್ಲು, ಅವತ್ತು ಕೊಡ್ಲಿಲ್ಲ. ಬಿದ್ದ ಮೇಲೆ ಊರಿನ ಮಣೆಯೆಲ್ಲ ತಂದು ಸುರೀತೀರಲ್ಲ, ಒಲೆಗೆ ಹಾಕ್ಲಾ?"

ಹಣ್ಣು ಮಾತ್ರ ಇಟ್ಟುಕೊಂಡೆ. ಸಿಟ್ಟಿಗೂ ಹಣ್ಣಿಗೂ ಸಂಬಂಧವಿಲ್ಲ.

ನಾನಂದುಕೊಂಡೆ, ಇಷ್ಟಾದ ಮೇಲಾದರೂ ಇವರಿಗೆ ತಿಳಿಯಿತು ಎಂದು. ಎಲ್ಲಿ! ಸುಗುಣ ಚೇತರಿಸಿಕೊಂಡಳು, ನೆರಳೂ ಎದ್ದು ನಿಂತಿತು. ಮತ್ತೆ ಮುಂಜಾನೆ ಭಟ್ಟಿ ಹೊತ್ತಿಸಿ, ಬಿಸಿಲೇರುವ ಮುಂಚೆ ಮಣೆ ಹಾಕಿಕೊಂಡು ಕೂತಳು. ಅದೇ ಕೊಟ್ರವ್ವ ಅದೇ ಬಾಗಿಲಲ್ಲಿ ನಿಂತು, "ಈಗೇನೇ? ನೆಟ್ಟಗೈತಲ್ಲ! ವಾಸಿ ಆಗೈತಲ್ಲ! ಈಗ್ಯಾಕೆ ಕೂತೆ?" ಎಂದಳು. ಬಿದ್ದರೆ ಹಾಲು ಹಣ್ಣು, ಬೀಳದಂತೆ ನೋಡಿಕೊಂಡರೆ ಕಳ್ಳಿ. ಇಂಥ ನ್ಯಾಯ ಯಾವ ಲೋಕದಲ್ಲಿದೆ? ಬೀಳುವವರನ್ನು ಕಂಡರೆ ಇವರಿಗೆ ಇಷ್ಟ, ಬೀಳಲ್ಲ ಅನ್ನುವವರನ್ನು ಕಂಡರೆ ಹೊಟ್ಟೆಯುರಿ.

ಓಬಳಪ್ಪ ಮತ್ತೆ ಎಬ್ಬಿಸಿದ. ಅವಳು ಎದ್ದಳು, ಅವನು ಹೋದ ಮೇಲೆ ಕೂತಳು. ಮತ್ತೆ ಎಬ್ಬಿಸಿದ. ಕೊನೆಗೆ ನಡುಬೀದಿಯಲ್ಲಿ ನಿಂತು ಸಾರಿಬಿಟ್ಟ. "ಇವತ್ತು ಶುಕ್ರವಾರ. ಸೋಮವಾರ ಇವಳು ಕೂತಿದ್ರೆ ನೀರು ಹಾಕ್ತೀನಿ. ಇಷ್ಟು ದಿನ ತಡೆದದ್ದು ಚೌಡಕ್ಕನ ವಯಸ್ಸಿಗೆ ಮರ್ಯಾದೆ ಕೊಟ್ಟು."

ಆ ದಿನ ಸುಗುಣ ಸಟ್ಟುಗ ತೊಳೆದು ಗೋಡೆಗೆ ಒರಗಿಸಿ, ಅದನ್ನೇ ನೋಡುತ್ತಾ ಕೂತಳು. "ನಿಂತ್ಕೊಂಡೇ ಮಾಡ್ತೀನಿ ಬಿಡು ಅತ್ತೆ. ಬಿದ್ದಾಗ ಬೀಳ್ತೀನಿ. ನಿಮ್ಮ ಭಟ್ಟಿಗೆ ನನ್ನಿಂದ ಯಾಕೆ ನೀರು?" ಎಂದಳು.

"ನಿಮ್ಮ ಭಟ್ಟಿ ಅಂತೀಯಾ? ಬಾಯಿಗೆ ಮರಳು ಹಾಕ್ತೀನಿ ನೋಡು" ಎಂದೆ. ಆಮೇಲೆ ಹಾಲಪ್ಪನನ್ನು ಕರೆದು, "ಗಾಡಿ ಕಟ್ಟೋ. ತೆಂಗಿನ ಗರಿ ಬೇಕು, ಬಿದಿರು ಬೇಕು. ನನ್ನ ಸಾವಿನ ಚಪ್ಪರ ಹಾಕ್ಬೇಕು" ಎಂದೆ.

ಅವನು ನನ್ನ ಹಣೆ ಮುಟ್ಟಿ ನೋಡಿದ.

ನಮ್ಮೂರಿನಲ್ಲಿ ಸಾವೊಂದಕ್ಕೆ ಮಾತ್ರ ಚಪ್ಪರ ಹಾಕಬಹುದು. ಸತ್ತವರಿಗೆ ನೆರಳು ಕೂತರೇನು ನಿಂತರೇನು, ಅದಕ್ಕೆ. ಹಾಕಿದ ಚಪ್ಪರವನ್ನು ಸತ್ತವರ ಹನ್ನೊಂದನೆಯ ದಿನದ ತನಕ ಯಾರೂ ಮುಟ್ಟುವ ಹಾಗಿಲ್ಲ, ನೆರಳುಗಾರನೂ ಮುಟ್ಟುವ ಹಾಗಿಲ್ಲ. ಸತ್ತ ಮೇಲೆಯೇ ಹಾಕಬೇಕು ಎಂದು ಮಾತ್ರ ಯಾರೂ ಹೇಳಿಲ್ಲ. ಅಷ್ಟು ಮುಂಚೆ ಹಾಕಿಸಿಕೊಳ್ಳುವ ಮುದುಕಿ ಹುಟ್ಟುತ್ತಾಳೆಂದು ಹಿರಿಯರಿಗೆ ಹೊಳೆದಿರಲಿಕ್ಕಿಲ್ಲ.

ಭಾನುವಾರ ಸಂಜೆಗೆ ಚಪ್ಪರ ಎದ್ದಿತು. ಬೆಂಕಿಯ ಬಾಯಿಗೆ ತಾಗದಂತೆ ಬಿಟ್ಟು, ಉಳಿದ ಅಂಗಳದ ತುಂಬ ಒತ್ತೊತ್ತಾಗಿ ಗರಿ ಹೊದಿಸಿದೆವು. ಒಂದು ಸೂಜಿ ಬಿಸಿಲೂ ಇಳಿಯದ ಹಾಗೆ. ಸೋಮವಾರ ಬೆಳಗ್ಗೆ ಜನ ಅಳುಮೋರೆ ಹಾಕಿಕೊಂಡು ಬಂದರು.

"ಯಾರು ಹೋದ್ರು ಚೌಡಕ್ಕ?" ಎಂದು ಕೊಟ್ರವ್ವ ಕೇಳಿದಳು.

"ನಾನು."

"ಆಂ? ಯಾವಾಗ?"

"ಇನ್ನೂ ಇಲ್ಲ. ಅವಸರ ಏನೈತೆ? ಬಂದಿದೀಯ, ಒಂದು ಗಳಿಗೆ ಅತ್ತು ಹೋಗು. ಆಮೇಲೆ ನೀನು ಚೆನ್ನಾಗಿ ಅತ್ಯೋ ಇಲ್ವೋ ನಾನು ನೋಡಾಕಾಗಲ್ಲ."

ಕೊಟ್ರವ್ವನಿಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅವಳ ಮುಖಕ್ಕೆ ತಂಪು ತಾಗಿತು. ಹುಟ್ಟಿದಾಗಿನಿಂದ ಬಿಸಿಲಲ್ಲಿ ಬೆಂದ ಜೀವ. ಬಾಯಿ ಅರ್ಧ ತೆರೆದು ಹಾಗೇ ನಿಂತುಬಿಟ್ಟಳು. ಹೋಗಲೇ ಇಲ್ಲ. ಅವಳ ಹಿಂದೆ ಬಂದವರೂ ಹೋಗಲಿಲ್ಲ. ಹೊರಗೆ ನಿಂತವರು ನೂಕಿಕೊಂಡು ಒಳಗೆ ಬಂದರು. ಎಲ್ಲರ ಕಾಲಡಿಯೂ ಒಂದೇ ಸಮ ಮಬ್ಬು. ಯಾರದು ನಿಂತಿದೆ, ಯಾರದು ಕೂತಿದೆ, ಬ್ರಹ್ಮನಿಗೂ ಹೇಳಲು ಬರುತ್ತಿರಲಿಲ್ಲ.

ಸುಗುಣ ಬೆಳಕು ಹರಿಯುವಾಗಲೇ ಸಟ್ಟುಗ ಹಿಡಿದು ತನ್ನ ಪಾಲಿನ ಅಕ್ಕಿ ಹುರಿದು, ಹಾಲಪ್ಪನಿಗೆ ಸಟ್ಟುಗ ಕೊಟ್ಟು, ಚಪ್ಪರದಡಿ ಮಣೆಯ ಮೇಲೆ ಕೂತು ಜರಡಿ ಆಡಿಸುತ್ತಿದ್ದಳು.

ಓಬಳಪ್ಪ ಹೆಗಲ ಮೇಲೆ ಕೊಡ ಹೊತ್ತು ಬಂದ. ಚಪ್ಪರ ಕಂಡು ಬೀದಿಯಲ್ಲೇ ನಿಂತ. "ಏನಿದು ಚೌಡಕ್ಕ? ಸಾಯೋಕೆ ಮುಂಚೆ ಚಪ್ಪರ ಹಾಕಿದ್ದು ಎಲ್ಲಾದ್ರೂ ಉಂಟಾ?"

"ಸತ್ತ ಮೇಲೆ ಹಾಕಿದ್ರೆ ನಂಗೇನು ತಂಪು ಬಂತೋ?"

"ಕೀಳಿಸ್ತೀನಿ."

"ಕೀಳು. ಹನ್ನೊಂದನೇ ದಿನಕ್ಕೆ ಬಾ. ಯಾವತ್ತಿಂದ ಎಣಿಸ್ಬೇಕು ಅಂತ ನಾನು ಸತ್ತಾಗ ಹೇಳಿ ಕಳಿಸ್ತೀನಿ. ನಮ್ಮ ವಂಶದಾಗೆ ಹೆಂಗಸರು ನೂರಿಪ್ಪತ್ತು ವರ್ಷಕ್ಕೆ ಮುಂಚೆ ಹೋದೋರಿಲ್ಲ, ಅದೂ ಹೋದೋರು ಬೇಜಾರಾಗಿ ಹೋದೋರು."

ಜನ ನಕ್ಕರು. ಓಬಳಪ್ಪನ ಮೀಸೆ ಅದುರಿತು. ಕೊಡ ಹೊತ್ತೇ ಒಳಗೆ ನುಗ್ಗಿದ. ಸುಗುಣನ ಮಣೆಯ ಹತ್ತಿರ ಬಂದು ಅಭ್ಯಾಸದಂತೆ ತಲೆ ಬಗ್ಗಿಸಿದ. ನೆಲ ನೋಡಿದ. ಆ ಕಡೆ ಬಾಗಿ ನೋಡಿದ, ಈ ಕಡೆ ಬಾಗಿ ನೋಡಿದ. ಕಾಲಿನಿಂದ ನೆಲದ ಧೂಳು ಸರಿಸಿಯೂ ನೋಡಿದ, ನೆರಳು ಅಡಿಗೆ ಬಿದ್ದಿದೆಯೋ ಎಂಬಂತೆ. ಏನೂ ಕಾಣಲಿಲ್ಲ. ನೆರಳು ಕಾಣದೆ ನೀರು ಹಾಕುವ ಹಾಗಿಲ್ಲ, ಅದೂ ನೆರಳುಗಾರರದೇ ಕಟ್ಟಳೆ. ಇಡೀ ಬೀದಿ ಅವನನ್ನು ನೋಡುತ್ತಿತ್ತು. ಹೊರಳಿ ಹೋದರೆ ಮರ್ಯಾದೆ ಹೋಗುತ್ತದೆ, ಅಲ್ಲೇ ನಿಂತರೆ ಕೊಡ ಭಾರ.

ಅವನು ತಲೆ ಎತ್ತಿದ. ಮೊದಲ ಸಲ ನನ್ನ ಸೊಸೆಯ ಮುಖ ನೋಡಿದ. ಕೊಡವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡ. ಆಮೇಲೆ ಈ ಊರು ಹುಟ್ಟಿದಾಗಿನಿಂದ ಯಾರೂ ಯಾರನ್ನೂ ಕೇಳದೆ ಇದ್ದದ್ದನ್ನು ಕೇಳಿದ.

"ಸುಗುಣವ್ವ, ನಿಂಗೆ ಸುಸ್ತಾಗೈತಾ?"

ಹೂಂ ಅನ್ನೇ ಮಗಾ, ಹೂಂ ಅಂದುಬಿಡು, ಅಷ್ಟಕ್ಕೆ ಮುಗಿಯುತ್ತದೆ ಎಂದು ಒಳಗೊಳಗೇ ಬೇಡಿಕೊಂಡೆ. ಸುಗುಣ ಜರಡಿ ಕೆಳಗಿಟ್ಟಳು. ಕತ್ತಿಗೆ ಸುತ್ತಿದ್ದ ಬಟ್ಟೆ ಒಣಗಿತ್ತು, ಅದನ್ನು ಬಿಚ್ಚಿದಳು.

"ಇಲ್ಲ ಓಬಳಮಾವ" ಎಂದಳು. "ಅದಕ್ಕೇ ಕೂತಿದೀನಿ."

ಅವಳು ಕೂತಲ್ಲಿಂದಲೇ ಕೈ ಚಾಚಿದಳು. "ಆ ಕೊಡ ಸ್ವಲ್ಪ ಬಗ್ಸು."

ಓಬಳಪ್ಪ ಕೊಡವನ್ನು ಹೆಗಲಿಂದ ಇಳಿಸಿ ಅವಳ ಮುಂದೆ ಹಿಡಿದ. ಅವಳು ಬಟ್ಟೆ ಅದ್ದಿ, ಹಿಂಡಿ, ಮತ್ತೆ ಕತ್ತಿಗೆ ಸುತ್ತಿಕೊಂಡು, ಜರಡಿ ಎತ್ತಿಕೊಳ್ಳುವ ತನಕ ಅವನು ಹಾಗೇ ಬಗ್ಗಿಸಿ ಹಿಡಿದುಕೊಂಡೇ ನಿಂತಿದ್ದ.